ಅತ್ತೆಯ ದುಪ್ಪಟಿ, ನನ್ನ ಡ್ರೈಯರ್ರು

ನಮ್ಮ ಕಡೆ ಒಂದು ಮನೆಯ ಸಮಾಚಾರ ತಿಳಿಯಬೇಕಾದರೆ ಒಳಗೆ ಹೋಗಿ ಕೂರಬೇಕಾಗಿಲ್ಲ. ಹಿತ್ತಲಲ್ಲಿ ಬಟ್ಟೆ ಒಣಹಾಕಿದ ತಂತಿಯನ್ನು ಒಮ್ಮೆ ನೋಡಿದರೆ ಸಾಕು. ಗುರುತಿಲ್ಲದ ಪಂಚೆ ನೇತಾಡುತ್ತಿದ್ದರೆ ನೆಂಟರು ಬಂದಿದ್ದಾರೆ. ಹಳೇ ಸೀರೆ ಹರಿದ ಚೌಕಗಳು ಸಾಲಾಗಿದ್ದರೆ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮೂರು ದಿನ ತಂತಿ ಖಾಲಿಯಿದ್ದರೆ ಒಗೆಯುವವಳಿಗೆ ಹುಷಾರಿಲ್ಲ, ಇಲ್ಲವೇ ಗಂಡನ ಮೇಲೆ ಮುನಿಸಿಕೊಂಡಿದ್ದಾಳೆ. ನಾನು ಎರಡನೆಯ ಕಾರಣಕ್ಕೆ ಹಲವು ಸಲ ತಂತಿ ಖಾಲಿ ಬಿಟ್ಟಿದ್ದೇನೆ. ಊರಿಗೆಲ್ಲ ಗೊತ್ತಾಗಿದೆ.

ತಿಪಟೂರಿನಿಂದ ಹಾಲ್ಕುರಿಕೆ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ನಮ್ಮ ಮನೆ, ಭಾವನವರ ಮನೆ, ದಾಯಾದಿಗಳ ಮನೆ, ಮೂರಕ್ಕೂ ಒಂದೇ ಹಿತ್ತಲು. ನಮ್ಮ ತಂತಿ ಎರಡು ತೆಂಗಿನ ಮರಗಳ ನಡುವೆ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ಇದೆ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಒಳಬಟ್ಟೆಗಳನ್ನು ಸೀರೆಯ ಮರೆಯಲ್ಲಿ ಹರವುವುದನ್ನು ಕಲಿಸಿದ್ದು ನನ್ನ ಅತ್ತೆಯೇ. ಮಾನ ಅನ್ನುವುದು ತಂತಿಯ ಮೇಲೆ ಇರುತ್ತದೆ ಎಂದು ನಂಬಿದ್ದ ಹೆಂಗಸು. ನಾನು ಬಾಯಿಬಡುಕಿ, ಅವರು ಮಿತಭಾಷಿ. ಮೂವತ್ತು ವರ್ಷದಲ್ಲಿ ನನ್ನ ಬಾಯಿಗೆ ಅವರು ಎದುರಾಡಿದ್ದು ಕಡಿಮೆ, ಆದರೆ ಅವರು ಸುಮ್ಮನೆ ನೋಡಿದರೆ ನನ್ನ ಬಾಯಿ ತಾನಾಗಿ ಮುಚ್ಚುತ್ತಿತ್ತು.

ಕಥೆ ಶುರುವಾದದ್ದು ಬಟ್ಟೆಯಿಂದಲ್ಲ, ಕೊಬ್ಬರಿಯಿಂದ.

ನಮ್ಮಲ್ಲಿ ಕೊಬ್ಬರಿಯನ್ನು ಬಿಸಿಲಿಗೆ ಹಾಕುವುದಿಲ್ಲ, ಬೆಂಕಿಗೆ ಒಡ್ಡುವುದಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಮನೆಯ ಅಟ್ಟದ ಮೇಲೆ ಹರವಿ ಹತ್ತು ಹನ್ನೊಂದು ತಿಂಗಳು ಮರೆತುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಅದೇ ಕೊಬ್ಬರಿ. ಅದಕ್ಕೆ ಬೇಕಾದದ್ದು ನೆರಳು, ಗಾಳಿ, ತಾಳ್ಮೆ. ಬೇಡದ್ದು ಒಂದೇ, ತೇವ. ನಮ್ಮ ಮನೆಯಲ್ಲಿ ಅಟ್ಟಕ್ಕೆ ಒದ್ದೆ ಕಾಲಲ್ಲಿ ಹತ್ತುವ ಹಾಗಿರಲಿಲ್ಲ. ನಮ್ಮ ಯಜಮಾನರು ಚಿಕ್ಕವರಿದ್ದಾಗ ಮಳೆಯಲ್ಲಿ ನೆನೆದು ಬಂದು ಅಟ್ಟ ಹತ್ತಿದ್ದಕ್ಕೆ ಅತ್ತೆಯ ಕೈಯಲ್ಲಿ ಏಟು ತಿಂದಿದ್ದನ್ನು ಈಗಲೂ ಹೇಳುತ್ತಾರೆ.

ಮೂರು ವರ್ಷದ ಹಿಂದೆ ಕಾಯಿ ಇಳಿಸಿ ಸುಲಿಸಿ ಒಡೆಸುವಾಗ, ಮೂಲೆಯ ಒಂದು ರಾಶಿಯ ಕಾಯೆಲ್ಲ ಕೌಟು. ಕೆಲವಂತೂ ಮೊಳಕೆ ಬಂದಿದ್ದವು. ಕೆಟ್ಟ ಕೊಬ್ಬರಿಯ ಆ ಕಮಟು ವಾಸನೆ ಮೂಗಿಗೆ ಬಡಿದ ತಕ್ಷಣ ಯಜಮಾನರು ತೀರ್ಪು ಕೊಟ್ಟರು.

"ಹೆಂಚು ಸೋರ್ತಾ ಐತೆ."

ಹೆಂಚು ಹೊದಿಸುವವನು ಬಂದ. ಸೂರಿನ ಮೇಲೆ ಬೆಕ್ಕಿನ ಹಾಗೆ ಓಡಾಡಿ, ಒಂದೊಂದೇ ಹೆಂಚು ಎತ್ತಿ ನೋಡಿ, ಕೊಡಗಟ್ಟಲೆ ನೀರು ಸುರಿಸಿ ಪರೀಕ್ಷೆ ಮಾಡಿದ. ಒಂದು ಹನಿಯೂ ಒಳಗೆ ಇಳಿಯಲಿಲ್ಲ. "ಸೂರು ಗಟ್ಟಿಯಾಗೈತೆ ಕಣ್ರೀ. ನಿಮ್ ಕಾಯೇ ಕುಂತ್ಕೊಂಡು ಅಳ್ತಿರ್ಬೇಕು," ಎಂದು ಇಳಿದು ಹೋದ. ಅಷ್ಟೂ ಹೊತ್ತು ಅತ್ತೆ ನಡುಮನೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು, ಬಾಯಿ ಬಿಡಲಿಲ್ಲ. ನನಗೆ ಆಗ ಏನೂ ಅನ್ನಿಸಲಿಲ್ಲ. ಅವರು ಮಾತಾಡದಿರುವುದು ಹೊಸದೇನಲ್ಲವಲ್ಲ.

ಹೊಸ ಕಾಯಿ ಅಟ್ಟಕ್ಕೇರಿ ಒಂದು ತಿಂಗಳಾಗಿರಬಹುದು. ಒಂದು ಬೆಳಿಗ್ಗೆ ದೊಡ್ಡ ಪಾತ್ರೆಯೊಂದು ಬೇಕಾಗಿ ನಾನೇ ಏಣಿ ಹತ್ತಿದೆ. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಮೂಲೆಯಲ್ಲಿ ಬೆಳ್ಳಗೆ ಏನೋ ಕಂಡಿತು. ಹತ್ತಿರ ಹೋದರೆ ಎರಡು ದುಪ್ಪಟಿ, ಒಂದು ಲಂಗ. ಕಾಯಿಗಳ ಮೇಲೆ ನೀಟಾಗಿ ಹರವಿ, ಹಾರದ ಹಾಗೆ ನಾಲ್ಕು ಮೂಲೆಗೂ ಒಂದೊಂದು ಕಾಯಿ ಇಟ್ಟಿತ್ತು. ಮುಟ್ಟಿ ನೋಡಿದೆ. ತಣ್ಣಗೆ ಒದ್ದೆ. ಹಸಿರು ಅಂಚಿನ ದುಪ್ಪಟಿ ಅತ್ತೆಯದು.

ನನ್ನ ಸಿಟ್ಟು ಎಂಥದ್ದು ಎಂದು ಗೊತ್ತಿದ್ದವರಿಗೆ ಗೊತ್ತು. ಒಂದು ವರ್ಷದ ಫಸಲು ಕೆಡಿಸಿ, ಹೆಂಚಿನವನನ್ನು ಕರೆಸಿ ಊರವರ ಮುಂದೆ ನಗೆಪಾಟಲು ಮಾಡಿ, ತಾವು ಏನೂ ಅರಿಯದವರ ಹಾಗೆ ಕೂತಿದ್ದರಲ್ಲ ಎಂದು ಕುದಿಯುತ್ತಾ ಇಳಿದೆ. ಅತ್ತೆ ಶಿವಪೂಜೆ ಮುಗಿಸಿ, ಹಣೆಯಲ್ಲಿ ವಿಭೂತಿ ಇನ್ನೂ ಹಸಿಯಾಗಿರುವಾಗಲೇ, ಮೊರದಲ್ಲಿ ಹುರುಳಿ ಆರಿಸುತ್ತಾ ಕುಳಿತಿದ್ದರು. ದುಪ್ಪಟಿಯನ್ನು ಮೊರದ ಮುಂದೆ ಹಾಕಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಸೆರಗು ಎಳೆದು ದುಪ್ಪಟಿಯ ಮೇಲೆ ಮುಚ್ಚಿದರು.

ಬಯ್ಯಬೇಕೆಂದು ಸಾಲಾಗಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅಲ್ಲಿಗೇ ನಿಂತುಹೋಯಿತು.

"ಯಾಕತ್ತೆ, ಈ ವಯಸ್ಸಲ್ಲಿ ಏಣಿ ಹತ್ತೋದಾ? ಬಿದ್ದಿದ್ರೆ ಏನ್ ಗತಿ?"

"ಮೆಲ್ಲಗೆ ಮಾತಾಡು ಕಣೇ. ದೊಡ್ಡೋಳು ಹಿತ್ಲಲ್ಲವ್ಳೆ." ದೊಡ್ಡೋಳು ಅಂದರೆ ಭಾವನವರ ಹೆಂಡತಿ, ನನ್ನ ವಾರಗಿತ್ತಿ. ಸ್ವಲ್ಪ ಹೊತ್ತು ಹುರುಳಿಯ ಕಲ್ಲು ಹುಡುಕಿದರು. ಆಮೇಲೆ ಹುರುಳಿಗೇ ಹೇಳುವ ಹಾಗೆ ಹೇಳಿದರು. "ನಿದ್ದೇಲಿ ಗೊತ್ತೇ ಆಗಲ್ಲ ಕಣಮ್ಮ. ಏಳೋ ಹೊತ್ಗೆ ಒದ್ದೆ ಆಗಿರ್ತದೆ. ಮೊದ್ಲು ಯಾವಾಗಲೋ ಒಂದ್ಸಲ ಆಗ್ತಿತ್ತು. ಈಗ ದಿನಾ ಅದೇ ಪಾಡು."

ಪೂಜೆಗೆಂದು ಅವರು ಎಲ್ಲರಿಗಿಂತ ಮೊದಲು ಎದ್ದು ಬಚ್ಚಲಿಗೆ ಹೋಗುತ್ತಿದ್ದದ್ದು ಮೊದಲಿನಿಂದ ಇದ್ದ ರೂಢಿ. ಅದರ ಮರೆಯಲ್ಲಿ ದುಪ್ಪಟಿ ಒಗೆದು, ಹಿಂಡಿ, ಏಣಿ ಹತ್ತಿ ಬರುತ್ತಿದ್ದರೆಂದು ಯಾರಿಗೆ ಹೊಳೆಯಬೇಕು.

"ತಂತಿ ಮೇಲೆ ಹಾಕಿದ್ರೆ ಊರೇ ನೋಡ್ತದೆ. ಈ ಮುದುಕಿ ದಿನಾ ದಿನಾ ದುಪ್ಪಟಿ ಯಾಕೆ ಒಗೀತಾಳೆ ಅಂತಾರೆ. ಅಷ್ಟೊಂದು ಕಾಯಿ ಒಣಗೋ ಜಾಗ, ಒಂದು ದುಪ್ಪಟಿ ಒಣಗಲ್ವಾ ಅಂತ ಅಲ್ಲಾಕ್ದೆ. ಕಾಯಿ ಕೆಡ್ತದೆ ಅಂತ ಗೊತ್ತಿಲ್ದೇ ಇಲ್ಲ. ಇನ್ನೆಲ್ಲಾಕ್ಲಿ ಹೇಳು."

ಐವತ್ತು ವರ್ಷ ಆ ಅಟ್ಟವನ್ನು ಕಾದ ಹೆಂಗಸು. ಒದ್ದೆ ಕಾಲಿಟ್ಟ ಮಗನಿಗೆ ಬಾರಿಸಿದ ಕೈ. ಅದೇ ಕೈಯಲ್ಲಿ ಒದ್ದೆ ದುಪ್ಪಟಿ ಹೊತ್ತುಕೊಂಡು ಹೋಗಿ ಕಾಯಿಯ ಮೇಲೆ ಹರವಬೇಕಾದರೆ ಆ ನಾಚಿಕೆ ಎಷ್ಟು ದೊಡ್ಡದಿರಬೇಕು ಎಂದು ಯೋಚಿಸಿದೆ. ನನಗೆ ಅಳು ಬಂತು. ಅವರು ಅಳಲಿಲ್ಲ. "ಅವನಿಗೆ ಹೇಳ್ಬೇಡ. ಯಾರಿಗೂ ಹೇಳ್ಬೇಡ. ಲಿಂಗ ಮುಟ್ಟಿ ಹೇಳು," ಎಂದರು. ಮುಟ್ಟಿ ಹೇಳಿದೆ.

ಗೊತ್ತಾದ ಮೇಲೆ ಹಿಂದಿನದೆಲ್ಲ ಒಂದೊಂದಾಗಿ ಅರ್ಥವಾಗತೊಡಗಿತು. ಮಧ್ಯಾಹ್ನದ ಊಟವಾದ ಮೇಲೆ ಅವರು ನೀರು ಮುಟ್ಟುತ್ತಿರಲಿಲ್ಲ. ತುಟಿ ಒಣಗಿ ಬಿರಿದಿದ್ದರೂ ಬೇಡ ಅನ್ನುತ್ತಿದ್ದರು. ಮದುವೆ ಮುಂಜಿ ಅಂತ ಯಾರ ಮನೆಯಲ್ಲೂ ರಾತ್ರಿ ಉಳಿಯುವುದನ್ನು ಬಿಟ್ಟಿದ್ದರು. ವಯಸ್ಸಾದ ಹಾಗೆ ಹಟ ಜಾಸ್ತಿಯಾಯಿತು ಎಂದು ನಾನು ಅವರಿವರ ಹತ್ತಿರ ಆಡಿಕೊಂಡಿದ್ದೆ. ಆ ಮಾತಿಗೆ ಈಗಲೂ ನನಗೆ ನನ್ನ ಮೇಲೆ ಬೇಸರವಿದೆ.

ಮಂಡಿ ನೋವು ಎಂದು ಮನೆಯಲ್ಲಿ ಹೇಳಿ ತಿಪಟೂರಿನ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾದ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ, ನಾಚಿಕೊಳ್ಳುವಂಥದ್ದೇನಿಲ್ಲ, ನೀರು ಮಾತ್ರ ಬಿಡಬೇಡಿ ಎಂದು ಆಕೆ ಸಮಾಧಾನವಾಗಿ ಹೇಳಿದರು. ಮಾತ್ರೆ ಕೊಟ್ಟರು, ಮಾಡಬೇಕಾದ ವ್ಯಾಯಾಮ ಹೇಳಿಕೊಟ್ಟರು. ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುತ್ತದೆ ಎಂದು ಹೇಳಲಾರೆ ಎಂದೂ ಸೇರಿಸಿದರು. ಕಡಿಮೆಯಾಯಿತು, ನಿಲ್ಲಲಿಲ್ಲ. ದೊಡ್ಡವರ ಡೈಪರು ತಂದುಕೊಟ್ಟೆ. ಬಸ್ಸು ಹತ್ತುವಾಗ ಹಾಕಿಕೊಳ್ಳುತ್ತೇನೆ, ಮನೆಯಲ್ಲಿ ಮಲಗುವಾಗ ಬೇಡ, ಗೋಣಿ ಸುತ್ತಿಕೊಂಡ ಹಾಗಾಗುತ್ತದೆ ಎಂದರು. ಹಾಗಾಗಿ ದುಪ್ಪಟಿಯ ಸಮಸ್ಯೆ ದುಪ್ಪಟಿಯ ಹಾಗೇ ಉಳಿಯಿತು. ಅವರ ಕೋಣೆಯೊಳಗೆ ಹಗ್ಗ ಕಟ್ಟಿ ಫ್ಯಾನು ಹಾಕಿದೆ. ಸೋನೆ ಮಳೆಯ ದಿನ ಅದು ಒಣಗದೆ ಮುಗ್ಗುಲು ವಾಸನೆ ಹೊಡೆಯುತ್ತಿತ್ತು. ಬಂದವರೆಲ್ಲ ಬಾಗಿಲಲ್ಲಿ ಇಣುಕಿ, ಒಳಗ್ಯಾಕೆ ಹಗ್ಗ ಎಂದು ಕೇಳುತ್ತಿದ್ದರು. ಬಾಗಿಲು ಹಾಕಿದರೆ, ಬಾಗಿಲು ಯಾಕೆ ಹಾಕಿದೆ ಎಂದು ಕೇಳುತ್ತಿದ್ದರು.

ಹೀಗೆ ನಾನು ವಾಷಿಂಗ್ ಮೆಷಿನ್ ಕೊಂಡಿದ್ದ ಅಂಗಡಿಗೆ ಹೋಗಿ ನಿಂತೆ. ಬಟ್ಟೆ ಒಣಗಿಸುವ ಮೆಷಿನ್ನು ಇದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯವರು ಹೊರಗಿನ ಬಿಸಿಲು ನೋಡಿದರು, ನನ್ನ ಮುಖ ನೋಡಿದರು. ಆದರೂ ವಿವರಿಸಿದರು. ಒಂದು ಜಾತಿಯದು ಇಸ್ತ್ರಿಪೆಟ್ಟಿಗೆಯಂತೆ ಒಳಗಿನ ಕಾಯಿಲ್ ಬಿಸಿ ಮಾಡಿ ಬಿಸಿಗಾಳಿ ಊದುತ್ತದೆ, ಬೇಗ ಒಣಗಿಸುತ್ತದೆ, ಕರೆಂಟು ಕುಡಿಯುತ್ತದೆ. ಇನ್ನೊಂದು ಹೀಟ್ ಪಂಪಿನದು. ಅದರ ಹೊಟ್ಟೆಯಲ್ಲಿ ಫ್ರಿಡ್ಜಿನ ಹಾಗೆ ಕಂಪ್ರೆಸರ್ ಇರುತ್ತದೆ. ಅದೇ ಗಾಳಿಯನ್ನು ಸುತ್ತಿಸಿ ಸುತ್ತಿಸಿ, ಒಂದು ಕಡೆ ತಣ್ಣಗೆ ಮಾಡಿ ನೀರು ಇಳಿಸಿಕೊಂಡು, ಇನ್ನೊಂದು ಕಡೆ ಬೆಚ್ಚಗೆ ಮಾಡಿ ಮತ್ತೆ ಬಟ್ಟೆಗೆ ಬಿಡುತ್ತದೆ. ಕರೆಂಟು ಎಷ್ಟೋ ಕಡಿಮೆ ಸಾಕು, ಬಟ್ಟೆ ಸುಡುವುದಿಲ್ಲ, ಹಬೆ ಹೊರಗೆ ಬಿಡಲು ಗೋಡೆ ಕೊರೆಯಬೇಕಾಗಿಲ್ಲ. ಆದರೆ ಬೆಲೆ ಜಾಸ್ತಿ, ಹೊತ್ತು ಹಿಡಿಯುತ್ತದೆ.

"ನಿಧಾನ ಕಣಮ್ಮ. ಎರಡೂವರೆ ಮೂರು ಗಂಟೆ ಆದ್ರೂ ಬೇಕು," ಎಂದು ಅವರು ಎಚ್ಚರಿಕೆ ಕೊಟ್ಟರು.

ಹನ್ನೊಂದು ತಿಂಗಳು ಕೊಬ್ಬರಿಗೆ ಕಾಯುವವರಿಗೆ ಮೂರು ಗಂಟೆ ಯಾವ ಲೆಕ್ಕ. ನಮ್ಮ ಅಟ್ಟದ ಬುದ್ಧಿಯೇ ಇದಕ್ಕೂ ಇದೆ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಹಸುಗಳ ಹಾಲಿನ ದುಡ್ಡಿತ್ತು, ಯಾರನ್ನೂ ಕೇಳಬೇಕಾಗಿರಲಿಲ್ಲ. ಕೊಂಡು ತಂದೆ.

ಮೆಷಿನ್ನು ಆಟೋದಿಂದ ಇಳಿದಾಗ ಹಿತ್ತಲಿನ ಮೂರು ಮನೆಯವರೂ ಬಂದು ಸುತ್ತ ನಿಂತರು. ಮೊದಲ ಬಾಣ ಬಿಟ್ಟವರು ನಮ್ಮ ಯಜಮಾನರೇ.

"ಹುಳಿಯಾರು ಸೀಮೆ ಬಿಸಿಲಲ್ಲಿ ಬೆಳೆದೋಳು ನೀನು. ನಿಮ್ಮಪ್ಪನ ಮನೇಲಿ ಒಗೆದ ಬಟ್ಟೆ ಹಿಂಡೋ ಹೊತ್ಗೇ ಒಣಗಿರ್ತಿತ್ತು. ಈಗ ಬಟ್ಟೆ ಒಣಗಿಸೋಕೆ ಕರೆಂಟು ಬೇಕಾ?"

"ಕೈ ನೋವು ಕಣ್ರೀ. ಬಟ್ಟೆ ಎತ್ತಿ ಹಾಕೋಕಾಗಲ್ಲ."

"ನಿನ್ನೆ ಹಲಸಿನಹಣ್ಣು ಒಬ್ಳೇ ಎತ್ಕೊಂಡು ಬಂದೆಯಲ್ಲ."

ಆ ಹಲಸಿನಹಣ್ಣು ನನ್ನ ಮಾನ ತೆಗೆಯಿತು. ವಾರಗಿತ್ತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅತ್ತೆ ಕಂಬದ ಹಿಂದೆ ನಿಂತಿದ್ದರು. ಅವರ ಕೋಣೆಯ ಪಕ್ಕದಲ್ಲಿ ಕೊಬ್ಬರಿ ಚೀಲ ಇಡುತ್ತಿದ್ದ ಸಣ್ಣ ಕೋಣೆ ಇತ್ತು. ಅಲ್ಲಿಗೇ ಮೆಷಿನ್ನು ಇಡಿಸಿದೆ. ಮರುದಿನ ಅವರನ್ನು ಕೂರಿಸಿ ಕಲಿಸಿದೆ. ಅಕ್ಷರ ಓದಲು ಬರದ ಕಾರಣ ಒತ್ತಬೇಕಾದ ಗುಂಡಿಯ ಮೇಲೆ ನನ್ನ ಹಣೆಯ ಕೆಂಪು ಟಿಕಳಿಯನ್ನೇ ಅಂಟಿಸಿದೆ. ಆಮೇಲೆ ಅವರಿಗೆ ನಾನು ಬೇಕಾಗಲಿಲ್ಲ. ಬೆಳಿಗ್ಗೆ ದುಪ್ಪಟಿ ಒಗೆದು, ಹಿಂಡಿ, ಒಳಗೆ ಹಾಕಿ, ಟಿಕಳಿ ಒತ್ತಿ, ಪೂಜೆಗೆ ಕೂರುತ್ತಿದ್ದರು. ಅವರ ಪೂಜೆ, ತಿಂಡಿ, ಹುರುಳಿ ಆರಿಸುವುದು ಎಲ್ಲ ಮುಗಿಯುವ ಹೊತ್ತಿಗೆ ಮೆಷಿನ್ನು ಪಿಂಯ್ ಪಿಂಯ್ ಎಂದು ಕರೆಯುತ್ತಿತ್ತು. ಬೆಚ್ಚಗಿನ ದುಪ್ಪಟಿಯನ್ನು ಮಡಿಸುವ ಮೊದಲು ಒಮ್ಮೆ ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಒಣಗಿದೆಯೋ ಇಲ್ಲವೋ ಎಂದು ನೋಡಲು ಎನ್ನುತ್ತಿದ್ದರು. ಅಷ್ಟು ಹೊತ್ತು ಒತ್ತಿಕೊಳ್ಳಬೇಕಾಗಿರಲಿಲ್ಲ.

ಮೆಷಿನ್ನಿನ ಗುಣವನ್ನಷ್ಟೇ ಹೇಳಿದರೆ ಅಂಗಡಿಯವನ ಮಾತಾಗುತ್ತದೆ, ದೋಷವನ್ನೂ ಹೇಳುತ್ತೇನೆ. ಅರ್ಧಕ್ಕೆ ಕರೆಂಟು ಹೋದರೆ ಬಟ್ಟೆ ಒಳಗೇ ಮುದುಡಿ ಕೂರುತ್ತದೆ, ಸುಕ್ಕು ಬಿಡಿಸಲು ಇಸ್ತ್ರಿಯವನೇ ಬೇಕು. ನಮ್ಮೂರಿನ ಕರೆಂಟು ಹೋಗುವುದಕ್ಕೆ ಮುಹೂರ್ತ ನೋಡುವುದಿಲ್ಲ. ಪ್ರತಿ ಸಲವೂ ಜಾಲರಿಯಲ್ಲಿ ಸೇರಿದ ಬಟ್ಟೆಯ ಜುಂಗು ತೆಗೆಯಬೇಕು, ತೆಗೆಯದಿದ್ದರೆ ಮೆಷಿನ್ನು ಏದುಸಿರು ಬಿಡುತ್ತದೆ. ತೊಟ್ಟಿಯಲ್ಲಿ ಸೇರಿದ ನೀರು ಚೆಲ್ಲಬೇಕು. ಅದನ್ನು ಅತ್ತೆ ಬಚ್ಚಲ ನೀರು ಹೋಗುವ ತೆಂಗಿನ ಬುಡಕ್ಕೇ ಸುರಿಯುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಕೊರತೆ, ಬಿಸಿಲಿನ ವಾಸನೆ ಇಲ್ಲ. ಬಿಸಿಲಲ್ಲಿ ಒಣಗಿದ ಬಟ್ಟೆಯಲ್ಲಿ ಮೂಗಿಟ್ಟರೆ ಸಿಗುವ ಆ ಸುಖವನ್ನು ಯಾವ ಪಂಪೂ ಕೊಡಲಾರದು. ನನ್ನ ಸೀರೆಗಳು ಇವತ್ತಿಗೂ ತಂತಿಯ ಮೇಲೇ ಒಣಗುತ್ತವೆ.

ಆದರೆ ಸೋನೆ ಹಿಡಿದ ದಿನಗಳಲ್ಲಿ, ಒಣಗರಿ ಬಿದ್ದು ತಂತಿ ಹರಿದಾಗ, ಪಕ್ಕದ ತೋಟದಲ್ಲಿ ಕಾಯಿ ಸುಲಿದು ನಾರಿನ ಧೂಳು ಬಟ್ಟೆಗೆಲ್ಲ ಕೂತಾಗ, ಆಡಿಕೊಂಡವರೆಲ್ಲ ಒಬ್ಬೊಬ್ಬರಾಗಿ ಬರುತ್ತಿದ್ದರು. ವಾರಗಿತ್ತಿ ಮೊಮ್ಮಕ್ಕಳ ಯೂನಿಫಾರಂ ಹಿಡಿದು ಬಂದಳು. ಯಜಮಾನರು ತಾವೇ ಗುಟ್ಟಾಗಿ ಬನಿಯನ್ನು ಹಾಕಿ ಟಿಕಳಿ ಒತ್ತುವಾಗ ಸಿಕ್ಕಿಬಿದ್ದರು. "ಕೆಲಸ ಮಾಡ್ತದಾ ಅಂತ ನೋಡ್ದೆ," ಎಂದರು.

ಮೂರನೇ ತಿಂಗಳಿಗೆ ಮೆಷಿನ್ನು ಕೈಕೊಟ್ಟಿತು. ಹಾಕಿದ ಅರ್ಧ ಗಂಟೆಗೆಲ್ಲ ಪಿಂಯ್ ಪಿಂಯ್ ಎಂದು, ಒಣಗಿತು ತೆಗೆದುಕೋ ಎನ್ನುತ್ತಿತ್ತು. ಬಾಗಿಲು ತೆಗೆದರೆ ಬಟ್ಟೆ ಒದ್ದೆ. ಮತ್ತೆ ಹಾಕಿದರೆ ಮತ್ತೆ ಅದೇ ಪಿಂಯ್ ಪಿಂಯ್. ಯಜಮಾನರಿಗೆ ಹಬ್ಬವಾಯಿತು. ಅತ್ತೆಯ ಮುಖ ಮಾತ್ರ ಇಳಿದುಹೋಯಿತು. ಆ ಎರಡು ದಿನ ಅವರು ಮತ್ತೆ ನೀರು ಬಿಟ್ಟರು. ಏಣಿಯ ಕಡೆ ನೋಡಿದ್ದನ್ನೂ ನಾನು ಕಂಡೆ. ಏಣಿ ಎತ್ತಿ ಕೊಟ್ಟಿಗೆಗೆ ಹಾಕಿ, ತಿಪಟೂರಿನ ಮೆಕ್ಯಾನಿಕ್‌ಗೆ ಫೋನು ಮಾಡಿದೆ. ನಮ್ಮ ಬೋರಿನ ಮೋಟಾರು ರಿಪೇರಿ ಮಾಡುವ ಸಾಹೇಬರು ಅವರು, ಎಂಥ ಮೆಷಿನ್ನಿನ ಜೊತೆಯಾದರೂ ಮಾತಾಡಬಲ್ಲವರು.

ಸಾಹೇಬರು ಬಂದು ಡ್ರಮ್ಮಿನೊಳಗೆ ತಲೆ ಹಾಕಿ, ಟಾರ್ಚು ಬಿಟ್ಟು, ಅಲ್ಲಿದ್ದ ಎರಡು ಸ್ಟೀಲಿನ ಪಟ್ಟಿಗಳ ಮೇಲೆ ಬೆರಳಾಡಿಸಿದರು. ಬೆರಳು ಮೂಸಿದರು. ಮುಖ ಹೊರಗೆ ತೆಗೆದಾಗ ಮೀಸೆಯಡಿ ನಗುವಿತ್ತು.

"ಏನಮ್ಮ, ಇದಕ್ಕೂ ತಲೆಗೆ ಎಣ್ಣೆ ಹಚ್ಚಿದ್ದೀರಾ?"

ನಮ್ಮದು ಮನೆಯಲ್ಲೇ ಕೊಬ್ಬರಿ ಬೆಳೆದು ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸಿಕೊಳ್ಳುವ ಮನೆ. ಮಗುವಿನಿಂದ ಮುದುಕರವರೆಗೆ ಎಲ್ಲರ ತಲೆಯಲ್ಲೂ ಎಣ್ಣೆ ಇಳಿಯುತ್ತಿರುತ್ತದೆ. ದಿಂಬಿನ ಕವರು, ತಲೆ ಒರೆಸುವ ಟವೆಲ್ಲು ಎಲ್ಲ ಅದರಲ್ಲೇ ನೆಂದಿರುತ್ತವೆ. ತಣ್ಣೀರಲ್ಲಿ ಒಗೆದರೆ ಆ ಜಿಡ್ಡು ಎಲ್ಲಿ ಹೋಗಬೇಕು. ಸಾಹೇಬರು ವಿವರಿಸಿದರು. ಆ ಪಟ್ಟಿಗಳಿಗೆ ಒದ್ದೆ ಬಟ್ಟೆ ತಾಗಿದಾಗ ಮೆಷಿನ್ನಿಗೆ ತೇವ ತಿಳಿಯುತ್ತದೆ. ನಮ್ಮ ಎಣ್ಣೆ ಪದರಗಟ್ಟಿ ಅದಕ್ಕೆ ಏನೂ ತಿಳಿಯದ ಹಾಗಾಗಿತ್ತು. ಒದ್ದೆಯಿದ್ದರೂ ಒಣಗಿದೆ ಎಂದುಕೊಳ್ಳುತ್ತಿತ್ತು. "ಜಿಡ್ಡಿನ ಬಟ್ಟೆ ಬಿಸಿನೀರಲ್ಲಿ ಸೋಪು ಹಾಕಿ ಒಗೀರಿ, ಇದರೊಳಗೆ ಮಾತ್ರ ಹಾಕ್ಬೇಡಿ. ಎಣ್ಣೆ ಬಟ್ಟೆ ಬಿಸಿಗೆ ಹೊತ್ತಿಕೊಳ್ಳೋದೂ ಉಂಟು," ಎಂದು ಪಟ್ಟಿ ಒರೆಸಿ, ಕಾಫಿ ಕುಡಿದು ಹೋದರು.

ಅವರು ಹೋದ ಮೇಲೆ ಅತ್ತೆ ಮೆಷಿನ್ನಿನ ಮುಂದೆ ಕುಳಿತೇ ಇದ್ದರು. ಅದರ ಬಾಗಿಲನ್ನು ಕೈಯಿಂದ ಸವರಿದರು.

"ಇದಕ್ಕೂ ನನ್ನ ಕಾಯ್ಲೇನೇ ಕಣೇ," ಎಂದರು. "ಒದ್ದೆ ಆಗಿರೋದು ಗೊತ್ತೇ ಆಗಲ್ಲ."

ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೇ ಮೊದಲು ನಕ್ಕರು. ಹಲ್ಲಿಲ್ಲದ ಬಾಯಿ ತೆರೆದು, ಮೈಯೆಲ್ಲ ಕುಲುಕಿಸಿ ನಕ್ಕರು. ಆ ವಿಷಯದಲ್ಲಿ ಅವರು ನಕ್ಕದ್ದು ಅದೇ ಮೊದಲು. ಇಬ್ಬರೂ ಆ ಕೋಣೆಯ ನೆಲದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಯಜಮಾನರು ಬಂದು ಏನಾಯಿತು ಎಂದು ಕೇಳಿದರೆ ಹೇಳುವ ಹಾಗಿರಲಿಲ್ಲ. ಅತ್ತೆ ಸೊಸೆ ಸೇರಿ ನಗುತ್ತಿದ್ದರೆ ಗಂಡಸರಿಗೆ ಭಯ, ಅವರು ಹಾಗೇ ಹೊರಟುಹೋದರು.

ಊರ ಬಾಯಿ ಮಾತ್ರ ಮುಚ್ಚಲಿಲ್ಲ. ಬಟ್ಟೆ ಒಣಹಾಕಲೂ ಸೋಮಾರಿತನ, ಮೆಷಿನ್ನು ತಂದವಳು ಎಂದು ನನಗೆ ಒಂದು ಹೆಸರೇ ಅಂಟಿತು. ಸಂಘದ ಮೀಟಿಂಗಿನಲ್ಲಿ, ಡೈರಿಯ ಮುಂದೆ, ಬಸ್ಸಿನಲ್ಲಿ ಎಲ್ಲಿ ಹೋದರೂ ಅದೇ ಮಾತು. ನಾನು ಬಾಯಿಬಡುಕಿ, ಯಾರಿಗೂ ಬಿಟ್ಟುಕೊಡುವವಳಲ್ಲ. ಆದರೆ ಈ ಒಂದು ವಿಷಯದಲ್ಲಿ ಉತ್ತರ ನಾಲಿಗೆಯ ತುದಿಗೆ ಬಂದರೂ ನುಂಗಿಕೊಳ್ಳಬೇಕಾಗಿತ್ತು. ನಿಜ ಹೇಳಬೇಕೆಂದರೆ ನನಗೆ ನೋವಾಗುತ್ತಿತ್ತು. ಬೆಳಿಗ್ಗೆಯಿಂದ ಕೊಟ್ಟಿಗೆ, ತೋಟ, ಅಡುಗೆ ಎಂದು ದುಡಿಯುವವಳನ್ನು ಸೋಮಾರಿ ಎಂದರೆ ನೋವಾಗದೆ ಇರುತ್ತದೆಯೇ. ಒಮ್ಮೆ ಅತ್ತೆಯ ಎದುರಿಗೇ ಬಾಯಿ ತಪ್ಪಿ ಅಂದುಬಿಟ್ಟೆ, ನಿಮ್ಮ ಗುಟ್ಟು ನನ್ನ ತಲೆಗೆ ಕಟ್ಟಿತು ಎಂದು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಹೋದ ವರ್ಷ ಕಡೇ ಕಾರ್ತಿಕ ಸೋಮವಾರ ನಮ್ಮ ಮನೆಯಲ್ಲಿ ಊಟ ಇಟ್ಟುಕೊಂಡಿದ್ದೆವು. ಶೆಟ್ಟಿಕೆರೆಯಿಂದ ಅತ್ತೆಯ ತಂಗಿ ಬಂದಿದ್ದರು. ನಮಗೆಲ್ಲ ಚಿಕ್ಕತ್ತೆ. ಮಾತಿನ ಮಲ್ಲಿ, ನನಗೆ ಸರಿಸಾಟಿ. ಬೆಳಿಗ್ಗೆಯ ಬಸ್ಸಿಗೆ ಬಂದರೆ ಸಂಜೆ ಐದರ ಬಸ್ಸಿಗೆ ಹೊರಡುವವರು, ಈಚಿನ ವರ್ಷಗಳಲ್ಲಿ ಎಷ್ಟು ಹೇಳಿದರೂ ಒಂದು ರಾತ್ರಿ ಉಳಿದವರಲ್ಲ. ಮನೆಯಲ್ಲಿ ಎಮ್ಮೆ ಹಾಲು ಕರೆಯಬೇಕು ಎನ್ನುತ್ತಿದ್ದರು. ಊಟವಾಗಿ ಹೆಂಗಸರೆಲ್ಲ ನಡುಮನೆಯಲ್ಲಿ ಎಲೆ ಅಡಿಕೆಯ ತಟ್ಟೆ ಸುತ್ತ ಕುಳಿತಿದ್ದೆವು. ವಾರಗಿತ್ತಿ, ದಾಯಾದಿ ಮನೆಯವರು, ಇನ್ನೂ ನಾಲ್ಕು ಜನ. ಚಿಕ್ಕತ್ತೆ ಎಲೆಗೆ ಸುಣ್ಣ ಸವರುತ್ತಾ ಒಳಗಿನ ಕೋಣೆಯ ಕಡೆ ಗಲ್ಲ ತೋರಿಸಿದರು.

"ಏನೇ ನಮ್ಮಕ್ಕನ ಸೊಸೆ, ನಿನ್ ಮೆಷಿನ್ನು ಇನ್ನೂ ಬದುಕೈತಾ? ನಮ್ ಕಾಲ್ದಲ್ಲಿ ಹೆರಿಗೆ ಆದ ಹನ್ನೊಂದನೇ ದಿನಕ್ಕೆ ಬಟ್ಟೆ ಒಗೆದು ಹಾಕ್ತಿದ್ವಿ. ಈಗಿನೋರ್ಗೆ ಕೈ ಮೇಲೆತ್ತಿದ್ರೆ ಉಳುಕ್ತದೆ."

ಎಲ್ಲರೂ ನಕ್ಕರು. ನನಗೆ ತಯಾರಿದ್ದ ಉತ್ತರ ಹತ್ತು. ಒಂದೂ ಆಡದೆ ಅಡಿಕೆ ಆರಿಸುತ್ತಾ ತಲೆ ಬಗ್ಗಿಸಿದೆ. ನಾನು ತಲೆ ಬಗ್ಗಿಸಿದ್ದನ್ನು ನೋಡಿದ ಚಿಕ್ಕತ್ತೆಗೆ ಇನ್ನೂ ಹುರುಪು ಬಂತು. "ಅಕ್ಕ, ನಿನ್ ಸೊಸೆಗೆ ಊಟ ತಿನ್ಸೋ ಮೆಷಿನ್ನು ಬಂದ್ರೆ ಅದ್ನೂ ತರ್ತಾಳೆ ಬುಡು."

ಗೋಡೆಗೆ ಒರಗಿದ್ದ ಅತ್ತೆ ನೆಟ್ಟಗೆ ಕುಳಿತರು.

"ಅವಳ್ನ ಏನೂ ಅನ್ಬೇಡ ಕಣೇ," ಎಂದರು. ದನಿ ಎತ್ತರಿಸಲಿಲ್ಲ. "ಅದು ಅವಳಿಗಲ್ಲ, ನನಗೆ ತಂದಿರೋದು. ನನಗೆ ನಿದ್ದೇಲಿ ಹಾಸಿಗೇಲೇ ಆಗೋಗ್ತದೆ. ಗೊತ್ತಾಗಲ್ಲ. ದಿನಾ ದುಪ್ಪಟಿ ಒಗೀಬೇಕು. ತಂತಿ ಮೇಲೆ ಹಾಕೋಕೆ ನನಗೆ ನಾಚ್ಕೆ ಅಂತ, ಈ ಹುಡುಗಿ ಊರೋರ ಬಾಯಲ್ಲಿ ಸೋಮಾರಿ ಅನ್ನಿಸ್ಕೊಂಡು ಸುಮ್ನವ್ಳೆ. ಇನ್ನು ಅನ್ನಿಸ್ಕೊಳ್ಳೋದು ಬೇಡ."

ಐವತ್ತೈದು ದಾಟಿದ ನನ್ನನ್ನು ಅವರು ಹುಡುಗಿ ಎಂದಿದ್ದರು. ಜೀವಮಾನವೆಲ್ಲ ಮುಚ್ಚಿಟ್ಟುಕೊಂಡು ಬಂದ ಮಾನವನ್ನು ಇಷ್ಟು ಜನರ ನಡುವೆ ತೆಗೆದು ನನ್ನ ಮೇಲೆ ಹೊದಿಸಿದ್ದರು. ನನಗೆ ತಲೆ ಎತ್ತಲಾಗಲಿಲ್ಲ. ನೀರಿನ ಚೊಂಬು ತರುತ್ತಿದ್ದ ಯಜಮಾನರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಚೊಂಬು ಕೆಳಗಿಟ್ಟು ಅಲ್ಲೇ ಹೊಸ್ತಿಲ ಹತ್ತಿರ ಕುಳಿತುಬಿಟ್ಟರು. ವಾರಗಿತ್ತಿ ನನ್ನ ಕೈ ಹಿಡಿದುಕೊಂಡಳು.

ಚಿಕ್ಕತ್ತೆ ಸುಣ್ಣ ಸವರಿದ ಎಲೆಯನ್ನು ಕೈಯಲ್ಲೇ ಹಿಡಿದಿದ್ದರು. ಬಾಯಿಗೆ ಹಾಕಿಕೊಳ್ಳಲಿಲ್ಲ, ತಟ್ಟೆಗೂ ಇಡಲಿಲ್ಲ. ಅಕ್ಕನ ಕಡೆಗೆ ಸ್ವಲ್ಪ ಸರಿದು ಕೇಳಿದರು.

"ಎಷ್ಟು ದಿನದಿಂದ ಅಕ್ಕ?"

"ನಾಲ್ಕೈದು ವರ್ಷ ಆಯ್ತು."

"ನನಗೂ ಅಷ್ಟೇ ಆಯ್ತು," ಎಂದರು ಚಿಕ್ಕತ್ತೆ.

ಅತ್ತೆ ತಂಗಿಯ ಕೈಯಿಂದ ಎಲೆ ತೆಗೆದುಕೊಂಡು, ಅಡಿಕೆ ಇಟ್ಟು ಮಡಿಸಿ, ಅವಳ ಬಾಯಿಗೆ ತಾವೇ ಇಟ್ಟರು. "ಇವತ್ತು ಇಲ್ಲೇ ಇರು," ಎಂದರು.

ಹೊರಗೆ ರಸ್ತೆಯಲ್ಲಿ ಐದರ ಬಸ್ಸು ಹಾರನ್ನು ಹೊಡೆದು ನಿಂತಿತು. ಕಂಡಕ್ಟರು ಎರಡು ಸಲ ಕೂಗಿದ. ಚಿಕ್ಕತ್ತೆ ಏಳಲಿಲ್ಲ.